ಕೊನೆಯ ತುಂಡು ಕೊಡದ ಒರಿಸ್ಯಾ

ಹೋದ ವರ್ಷದ ಜನವರಿ. ವಿನ್ನಿಪೆಗ್‌ನಲ್ಲಿ ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ, ಹೊರಗೆ ಮೈನಸ್ ಮೂವತ್ತೊಂದು ಡಿಗ್ರಿ. ಆಸ್ಪತ್ರೆಯ ಹಿಂದಿನ ಅಂಗಳದಲ್ಲಿ ಕಾರು ನಿಲ್ಲಿಸಿ, ಎಂಜಿನ್ ಹೆಪ್ಪುಗಟ್ಟದಂತೆ ಅದರ ವೈರನ್ನು ಕಂಬದ ಪ್ಲಗ್ಗಿಗೆ ಸಿಕ್ಕಿಸಿ, ಒರಿಸ್ಯಾ ಪಾನ್ಚುಕ್ ನೆಲಮಾಳಿಗೆಗೆ ಇಳಿಯುತ್ತಾರೆ. ಟೋಪಿ, ಮಫ್ಲರ್, ದಪ್ಪ ಕೋಟು, ಎರಡು ಸ್ವೆಟರ್ ಕಳಚಿದ ಮೇಲೆ ಉಳಿಯುವುದು ಐದಡಿ ಎತ್ತರದ, ಅರವತ್ತೆರಡು ವರ್ಷದ ಗಟ್ಟಿ ಜೀವ. ನಾಲ್ಕನೇ ಫ್ರೀಜರ್ ಮುಂದೆ ನಿಂತು ಬಾಗಿಲ ಮೇಲಿನ ಅಂಕಿ ಓದುತ್ತಾರೆ. ಮೈನಸ್ ಎಂಬತ್ತು. "ಇವ್ನಿಗೆ ನಮ್ಮೂರಿನ ಚಳಿ ಅಂದ್ರೆ ಬೇಸಿಗೆ ರಜಾ ಇದ್ದ ಹಾಗೆ," ಎಂದು ಬಾಗಿಲ ಮೇಲೊಂದು ಏಟು ಕೊಡುತ್ತಾರೆ.

ಇದು ಮಿದುಳು ಭಂಡಾರ. ಆರು ಫ್ರೀಜರ್‌ಗಳಲ್ಲಿ ಸಾವಿರದ ನೂರಕ್ಕೂ ಹೆಚ್ಚು ಜನರ ಮಿದುಳು ಮತ್ತು ಬೆನ್ನುಹುರಿಯ ತುಣುಕುಗಳಿವೆ. ನರಗಳ ಕಾಯಿಲೆಯಿಂದ ತೀರಿಕೊಂಡವರು, ಇಲ್ಲವೇ ಯಾವ ಕಾಯಿಲೆಯೂ ಇಲ್ಲದೆ ವಯಸ್ಸಾಗಿ ಹೋದವರು, ತಾವಾಗಿ ಬರೆದುಕೊಟ್ಟು ಹೋದ ದಾನ ಅದು. ಇಪ್ಪತ್ತೇಳು ವರ್ಷದಿಂದ ಅದರ ಬೀಗದ ಕೈ ಒರಿಸ್ಯಾ ಅವರ ಸೊಂಟದಲ್ಲಿದೆ. ನಿರ್ದೇಶಕರು ನಾಲ್ವರು ಬಂದು ಹೋಗಿದ್ದಾರೆ, ಇವರು ಮಾತ್ರ ಕದಲಿಲ್ಲ.

ಆ ಬೆಳಿಗ್ಗೆ ಅವರು ತೆಗೆಯಬೇಕಿದ್ದದ್ದು ಒಂದು ಪುಟ್ಟ ಡಬ್ಬಿ. ಅದರಲ್ಲಿರುವುದು ಹೆಬ್ಬೆರಳ ಉಗುರಿನ ಅರ್ಧದಷ್ಟು ತುಣುಕು. ಅದು ಗಿಮ್ಲಿಯ ಮೀನುಗಾರ ಬಾಲ್ಡುರ್ ಥೋರ್ಲಾಕ್ಸನ್ ಅವರದು. ಹನ್ನೊಂದು ವರ್ಷದ ಹಿಂದೆ, ನಲವತ್ತೊಂದನೇ ವಯಸ್ಸಿಗೆ, ಮೊದಲು ನಡಿಗೆ, ಆಮೇಲೆ ಮಾತು, ಕೊನೆಗೆ ನುಂಗುವ ಶಕ್ತಿಯನ್ನೂ ಕಳೆದುಕೊಂಡು ಅವರು ತೀರಿಕೊಂಡರು. ಈಗ ಅದೇ ಕಾಯಿಲೆ ಅವರ ತಂಗಿ ವಾಲ್ಡಿನ್‌ಗೆ ಹಿಡಿದಿದೆ. ಮೂವತ್ತೆಂಟರ ವಾಲ್ಡಿನ್ ಶಾಲಾ ಬಸ್ಸಿನ ಡ್ರೈವರ್. ಬ್ರೇಕು ಒತ್ತಲು ಹೋದ ಕಾಲು ಪಕ್ಕಕ್ಕೆ ಜಾರಿದ ದಿನವೇ ಕೀಲಿಕೈ ವಾಪಸು ಕೊಟ್ಟು ಬಂದವರು. ಅಣ್ಣನ ತುಣುಕಿನೊಳಗೆ ಆರ್‌ಎನ್‌ಎ ಕೆಡದೆ ಉಳಿದಿದ್ದರೆ ತಂಗಿಗೆ ಔಷಧಿ ಮಾಡಲು ದಾರಿಯಿದೆ. ಕೆಟ್ಟಿದ್ದರೆ ದಾರಿಯಿಲ್ಲ. ಬಾಲ್ಡುರ್ ಅವರದೆಂದು ಭಂಡಾರದಲ್ಲಿ ಉಳಿದಿರುವುದು ಅದೊಂದೇ ತುಣುಕು.

ದಾನಿಗಳ ಹೆಸರು ಇಲ್ಲಿ ಯಾರ ಬಾಯಲ್ಲೂ ಬರುವಂತಿಲ್ಲ, ಬರೀ ನಂಬರು. ಆದರೆ ಥೋರ್ಲಾಕ್ಸನ್ ಮನೆಯವರೇ "ನಮ್ಮ ಹೆಸರು ಹಾಕಿ, ದಪ್ಪಕ್ಷರದಲ್ಲಿ ಹಾಕಿ" ಎಂದಿದ್ದಾರೆ.

ಆರ್‌ಎನ್‌ಎ ಯಾಕಿಷ್ಟು ಮುಖ್ಯ ಎಂಬುದನ್ನು ವಾಲ್ಡಿನ್ ಕೇಳಿ ತಿಳಿದದ್ದು ದೊಡ್ಡ ಡಾಕ್ಟರ್‌ಗಳಿಂದಲ್ಲ. ಡಾಕ್ಟರ್‌ಗಳು ಹೇಳಿದ್ದೇನೋ ಸರಿಯೇ: ಪ್ರತಿ ಜೀವಕೋಶದೊಳಗೂ ಡಿಎನ್‌ಎ ಎಂಬ ಮೂಲ ಹೊತ್ತಿಗೆ ಇದೆ, ಅದರಿಂದ ಬೇಕಾದ ಪುಟವನ್ನು ನಕಲು ಮಾಡಿಕೊಂಡು ಹೊರಡುವ ಚೀಟಿಯೇ ಆರ್‌ಎನ್‌ಎ. ನಕಲಾದ ಚೀಟಿಯಲ್ಲಿ ಬೇಕಾದದ್ದಕ್ಕಿಂತ ಬೇಡದ್ದೇ ಹೆಚ್ಚು. ಬೇಡದ್ದನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಸಾಲಾಗಿ ಜೋಡಿಸಿದ ಮೇಲೆಯೇ ಅದು ಓದಲು ಬರುತ್ತದೆ. ನರಕೋಶಗಳಲ್ಲಿ ಈ ಕತ್ತರಿ ಕೆಲಸ ಬಲು ನಾಜೂಕಿನದು. ಎಡವಟ್ಟಾದರೆ ಕೈಕಾಲು, ಮಾತು, ನೆನಪು ಯಾವುದಕ್ಕೆ ಬೇಕಾದರೂ ಪೆಟ್ಟು ಬೀಳಬಹುದು. ಇಷ್ಟು ಕೇಳುವ ಹೊತ್ತಿಗೆ ವಾಲ್ಡಿನ್‌ಗೆ ಆಕಳಿಕೆ ಬಂದಿತ್ತಂತೆ.

"ಒರಿಸ್ಯಾ ಒಂದೇ ಮಾತಲ್ಲಿ ಮುಗಿಸಿದ್ರು," ಎನ್ನುತ್ತಾರೆ ಆಕೆ. ಮಾತು ಈಗ ಸ್ವಲ್ಪ ನಿಧಾನ, ಆದರೆ ನಗು ನಿಧಾನವಾಗಿಲ್ಲ. "'ಮೀನು ಸೀಳಿ ಕೊಟ್ಟಿದ್ದಾರೆ, ಒಳಗೆ ಒಂದು ಮುಳ್ಳು ಉಳಿದ್ಬಿಟ್ಟಿದೆ. ಅದೇ ನಿನ್ನ ಕಾಯಿಲೆ' ಅಂದ್ರು. ಮೀನುಗಾರರ ಮನೆ ಮಗಳಿಗೆ ಇನ್ನೇನು ಬಿಡಿಸಿ ಹೇಳ್ಬೇಕು?"

ವಾಲ್ಡಿನ್ ಅವರ ಡಿಎನ್‌ಎಯಲ್ಲಿ ಒಂದೇ ಒಂದು ಅಕ್ಷರ ಬದಲಾಗಿರುವುದು ರಕ್ತ ಪರೀಕ್ಷೆಯಲ್ಲಿ ಸಿಕ್ಕಿತ್ತು. ಅದರಿಂದಲೇ ಮುಳ್ಳು ಉಳಿಯುತ್ತಿದೆ ಎಂಬುದು ಮಾತ್ರ ಬರೀ ಗುಮಾನಿ. ಆ ಚೀಟಿಯನ್ನು ರಕ್ತ ಬರೆಯುವುದೇ ಇಲ್ಲ, ನರಕೋಶ ಮಾತ್ರ ಬರೆಯುತ್ತದೆ. ಬದುಕಿರುವವರ ಮಿದುಳನ್ನು ಕತ್ತರಿಸಿ ನೋಡುವಂತಿಲ್ಲ. ಸಾಕ್ಷಿ ಬೇಕೆಂದರೆ ಅದೇ ಅಕ್ಷರ ಬದಲಾಗಿದ್ದ, ಈಗ ಇಲ್ಲದ ಅಣ್ಣನೇ ಬಂದು ಹೇಳಬೇಕು.

ಅಣ್ಣ ಹೇಳಲು ಉಳಿದಿದ್ದಾನೆಂದರೆ ಅದಕ್ಕೆ ಕಾರಣ ಆಲೂಗಡ್ಡೆ.

ಒರಿಸ್ಯಾ ಹುಟ್ಟಿದ್ದು ಡಾಫಿನ್ ಹತ್ತಿರದ ಹೊಲಮನೆಯಲ್ಲಿ, ಉಕ್ರೇನಿನಿಂದ ಬಂದು ನೆಲೆ ನಿಂತವರ ಮೂರನೇ ತಲೆಮಾರಿನಲ್ಲಿ. ಅಪ್ಪ ಮಾತು ಕಡಿಮೆಯ ಮನುಷ್ಯ, ಆದರೆ ಒಂದು ವಿಷಯದಲ್ಲಿ ಕಡ್ಡಿ ಮುರಿದಂತೆ ಮಾತಾಡುತ್ತಿದ್ದರು: ಬಿತ್ತನೆಗೆ ಎತ್ತಿಟ್ಟ ಆಲೂಗಡ್ಡೆಯನ್ನು ಮನೆಯಲ್ಲಿ ಏನೇ ಆಗಲಿ ಬೇಯಿಸುವಂತಿಲ್ಲ. "ಒಂದ್ಸಲ ಈಸ್ಟರ್‌ಗೆ ನೆಂಟರು ಬಂದ್ಬಿಟ್ರು. ಅಮ್ಮ ಆ ಗುಡ್ಡೆಯಿಂದ ನಾಲ್ಕು ತೆಗ್ದು ಪೆರೋಗಿ ಕಡುಬಿನೊಳಗೆ ಹಾಕಿದ್ಲು. ಅಪ್ಪ ಒಂದು ವಾರ ಮಾತಾಡ್ಲಿಲ್ಲ. ಪೆರೋಗಿ ಮಾತ್ರ ತಿಂದ್ರು, ಅದು ಬೇರೆ ವಿಷ್ಯ," ಎಂದು ಒರಿಸ್ಯಾ ನಗುತ್ತಾರೆ.

ಪಟ್ಟಣಕ್ಕೆ ಬಂದದ್ದು ಹತ್ತೊಂಬತ್ತನೇ ವಯಸ್ಸಿಗೆ. ಮೊದಲು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗ, ಆಮೇಲೆ ಶವಪರೀಕ್ಷೆಯ ಕೋಣೆಯಲ್ಲಿ ನೆಲ ತೊಳೆಯುವ ಕೆಲಸ. ಬೇರೆಯವರು ವಾಸನೆಗೆ ಹೆದರಿ ಓಡುತ್ತಿದ್ದ ಕಡೆ ಇವರು ಪೊರಕೆ ಹಿಡಿದು ನಿಂತು ನೋಡುತ್ತಿದ್ದರು. ಹೀಗೆ ನೋಡುತ್ತಿದ್ದವರನ್ನು ಒಬ್ಬ ಹಳೆಯ ಡಾಕ್ಟರ್ ಕರೆದು ಚಾಕು ಕೈಗೆ ಕೊಟ್ಟರು. ಒರಿಸ್ಯಾ ಸಂಜೆ ತರಗತಿಗೆ ಹೋಗಿ ತಂತ್ರಜ್ಞರ ಸರ್ಟಿಫಿಕೇಟು ಪಡೆದರು, ಅಷ್ಟರಲ್ಲಿ ಮಕ್ಕಳಿಬ್ಬರು ಹುಟ್ಟಿದ್ದರು. ಡಿಗ್ರಿ ಇಲ್ಲ. ಡಿಗ್ರಿ ಇದ್ದವರಿಗೆ ಚಾಕು ಹಿಡಿಯುವುದನ್ನು ಕಲಿಸಿದ್ದಕ್ಕೆ ಮಾತ್ರ ಲೆಕ್ಕವಿಲ್ಲ.

ಕೆಲಸ ಸುಲಭದ್ದಲ್ಲ. ಸಾವು ಗಡಿಯಾರ ನೋಡಿಕೊಂಡು ಬರುವುದಿಲ್ಲ. ಪ್ರಾಣ ಹೋದ ಗಳಿಗೆಯಿಂದ ಆರ್‌ಎನ್‌ಎ ಚೂರುಚೂರಾಗುತ್ತಾ ಹೋಗಬಹುದು, ಹಾಗಾಗಿ ಕೆಲವೇ ಗಂಟೆಗಳಲ್ಲಿ ಎಲ್ಲ ಮುಗಿಯಬೇಕು. ಅರ್ಧ ಮಿದುಳು ಫಾರ್ಮಲಿನ್‌ಗೆ, ಇನ್ನರ್ಧ ಹೋಳುಹೋಳಾಗಿ ಡ್ರೈ ಐಸ್ ಮೇಲೆ. ಒಬ್ಬೊಬ್ಬರಿಂದ ಅರವತ್ತೋ ಎಪ್ಪತ್ತೋ ತುಣುಕು, ಪ್ರತಿಯೊಂದಕ್ಕೂ ನಂಬರು. ಬಾಲ್ಡುರ್ ತೀರಿಕೊಂಡ ದಿನ ಗಿಮ್ಲಿಯ ರಸ್ತೆ ಹಿಮದಲ್ಲಿ ಮುಚ್ಚಿಹೋಗಿತ್ತು. ಹಿಮ ತಳ್ಳುವ ಲಾರಿಯ ಬಾಲ ಹಿಡಿದು ಶವದ ಗಾಡಿ ತೊಂಬತ್ತು ಕಿಲೋಮೀಟರು ಬಂದಿತ್ತು. ಒರಿಸ್ಯಾ ಬಾಗಿಲಲ್ಲೇ ಕಾದಿದ್ದರು.

ಇನ್ನೊಂದು ಕಷ್ಟ ಕೈಗವಸಿನದು. ಆರ್‌ಎನ್‌ಎಯನ್ನು ಕತ್ತರಿಸಿ ಹಾಕುವ ಕಿಣ್ವ ನಮ್ಮ ಬೆರಳ ತುದಿಯಲ್ಲೇ ಇದೆ. ಬರಿಗೈ ತಾಗಿದರೆ ಮುಗಿಯಿತು. ಕೈಗವಸು ಹಾಕಿದ ಮೇಲೆ ಮೂಗು ತುರಿಸಿದರೂ ಅದನ್ನು ಬಿಸಾಡಿ ಹೊಸದು ಹಾಕಬೇಕು. ದಿನಕ್ಕೆ ಇಪ್ಪತ್ತು ಜೊತೆಯಾದರೂ ಖರ್ಚಾಗುತ್ತದೆ. "ಮನೇಲೂ ಇದೇ ಕಥೆ," ಎಂದು ಗಂಡ ವಾಲ್ಟರ್ ದೂರುತ್ತಾರೆ. "ಎಲೆಕೋಸು ಹೆಚ್ಚೋಕೂ ಗ್ಲೌಸು. ನಾನು ಕೈ ಹಿಡ್ಕೊಂಡ್ರೆ ಮೊದ್ಲು ನನ್ ಕೈ ನೋಡ್ತಾಳೆ, ಆಮೇಲೆ ಮುಖ."

ಭಂಡಾರಕ್ಕೆ ಸೇರಿದ ಮೊದಲ ವರ್ಷವೇ ಒರಿಸ್ಯಾ ಅಪ್ಪನ ಪದ್ಧತಿಯನ್ನು ಇಲ್ಲಿ ಜಾರಿಗೆ ತಂದರು. ಪ್ರತಿ ದಾನಿಯಿಂದಲೂ ಒಂದು ತುಣುಕನ್ನು ಬೇರೆ ಎತ್ತಿಟ್ಟರು. ನಾಲ್ಕನೇ ಫ್ರೀಜರ್‌ನ ತಳದ ಕಪಾಟು ಅದಕ್ಕೆ ಮೀಸಲು. ಯಾರು ಕೇಳಿದರೂ, ಎಷ್ಟು ದೊಡ್ಡ ಸಂಶೋಧನೆ ಎಂದರೂ, ಅಲ್ಲಿಂದ ಒಂದು ಚೂರೂ ಹೊರಗೆ ಹೋಗುವಂತಿಲ್ಲ. ಯಾವ ನಿಯಮ ಪುಸ್ತಕದಲ್ಲೂ ಇದು ಇರಲಿಲ್ಲ. ಗಡಿಯಾಚೆಯ ಹೆಸರುವಾಸಿ ವಿಜ್ಞಾನಿಯೊಬ್ಬರು ಫೋನಿನಲ್ಲಿ ಕೂಗಾಡಿದ್ದುಂಟು. ಆಗಿನ ನಿರ್ದೇಶಕರು ಇವರಿಗೆ ಇಟ್ಟ ಹೆಸರು 'ಆಲೂಗಡ್ಡೆ ಅಜ್ಜಿ'. ಆಗ ಇವರಿಗಿನ್ನೂ ನಲವತ್ತು.

"ಬೈಸ್ಕೊಳೋದು ಸುಲಭ," ಎನ್ನುತ್ತಾರೆ ಒರಿಸ್ಯಾ. "ಖಾಲಿ ಕಪಾಟು ತೋರ್ಸೋದು ಕಷ್ಟ."

ಹಾಗೆಂದು ಅವರು ತಪ್ಪೇ ಮಾಡದ ದೇವತೆಯಲ್ಲ. ಹತ್ತು ವರ್ಷದ ಹಿಂದೆ ಒಂದು ತಪ್ಪು ಮಾಡಿದರು, ಅದನ್ನು ಅವರೇ ಮೊದಲು ಹೇಳುತ್ತಾರೆ. ಎರಡನೇ ಫ್ರೀಜರ್ ಕೆಟ್ಟು ಹೋಗಿತ್ತು, ಉಳಿದವು ತುಂಬಿದ್ದವು. ನಲವತ್ತು ಡಬ್ಬಿಗಳಿಗೆ ಜಾಗವಿರಲಿಲ್ಲ. ಪಡಸಾಲೆಯಲ್ಲಿ ಹೊಸದೊಂದು ಫ್ರೀಜರ್ ಇತ್ತು, ಮನೆಗಳಲ್ಲಿ ಇರುವಂಥದ್ದು, ಒಳಗೆ ಮಂಜೇ ಕಟ್ಟದು. "ಹಾಳಾದ ಮಂಜು ಕೆರ್ದು ಕೆರ್ದು ನನ್ ಮೊಣಕೈ ಸವೆದಿತ್ತು. ಮಂಜು ಕಟ್ಟಲ್ಲ ಅಂದ್ರೆ ಎಷ್ಟು ಚೆನ್ನ ಅನ್ಕೊಂಡೆ. ಬಾಗ್ಲು ತೆಗ್ದು ನೋಡಿದ್ರೆ ಒಳಗೆ ಕನ್ನಡಿ ಥರ ಹೊಳೀತಿತ್ತು." ಆರು ವಾರ ಡಬ್ಬಿಗಳು ಅಲ್ಲಿದ್ದವು.

ಮಂಜು ಕಟ್ಟದ ಫ್ರೀಜರ್ ಮಂಜನ್ನು ಕರಗಿಸುವುದು ಹೇಗೆಂದರೆ, ಆಗಾಗ ತನ್ನನ್ನು ತಾನೇ ಒಂದಿಷ್ಟು ಬಿಸಿ ಮಾಡಿಕೊಂಡು. ಅಡಿಗೆಮನೆಯ ಬಟಾಣಿಗೆ ಅದರಿಂದ ಏನೂ ಆಗುವುದಿಲ್ಲ. ಆರ್‌ಎನ್‌ಎಗೆ ಅದು ಸಾಯುವಷ್ಟು ಪೆಟ್ಟು.

ಅದು ಗೊತ್ತಾದದ್ದು ಎರಡು ವರ್ಷದ ಮೇಲೆ. ಸಂಶೋಧಕರೊಬ್ಬರು ಆ ಡಬ್ಬಿಗಳನ್ನು ಪರೀಕ್ಷಿಸಿ, ರೋಗಿಗಳ ನರಕೋಶಗಳಲ್ಲಿ ಆರ್‌ಎನ್‌ಎ ತುಂಡಾಗಿ ಹೋಗಿರುತ್ತದೆ, ರೋಗದ ಮೂಲವೇ ಅದು ಎಂದು ಹಿಗ್ಗಿದ್ದರು. ಪ್ರಬಂಧ ಸಿದ್ಧವಾಗಿತ್ತು. ಎಲ್ಲರನ್ನೂ ಕೂರಿಸಿ ಚಿತ್ರ ತೋರಿಸುತ್ತಿದ್ದಾಗ ಹಿಂದಿನ ಸಾಲಿನಲ್ಲಿದ್ದ ಒರಿಸ್ಯಾ ನಂಬರುಗಳನ್ನು ನೋಡಿದರು. ಅಷ್ಟೂ ಪಡಸಾಲೆಯ ಫ್ರೀಜರ್‌ನಲ್ಲಿದ್ದ ನಂಬರುಗಳೇ. ಹೋಲಿಕೆಗೆ ತೆಗೆದುಕೊಂಡಿದ್ದ ಆರೋಗ್ಯವಂತರ ಡಬ್ಬಿ ಒಂದೂ ಅಲ್ಲಿರಲಿಲ್ಲ. ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. "ಎದ್ದು ನಿಂತೆ. 'ಸಾರ್, ಅದು ರೋಗ ಅಲ್ಲ. ಅದು ನನ್ನ ಫ್ರೀಜರ್ರು' ಅಂದೆ."

ಪ್ರಬಂಧ ಕಸದ ಬುಟ್ಟಿಗೆ ಹೋಯಿತು, ಒರಿಸ್ಯಾ ಅವರ ಸೇವಾ ಪುಸ್ತಕದಲ್ಲಿ ಕೆಂಪು ಶಾಯಿ ಬಿತ್ತು. ಆ ಸಂಶೋಧಕರು ಊರು ಬಿಡುವ ತನಕ ಅವರತ್ತ ತಿರುಗಿ ನೋಡಲಿಲ್ಲ. ಬೇರೆಯವರ ತಪ್ಪನ್ನು ಬಯಲು ಮಾಡುವ ಧೈರ್ಯ ಬೀದಿಗೆ ಹತ್ತು ಜನರಿಗಿದೆ. ತನ್ನ ತಪ್ಪನ್ನು ತುಂಬಿದ ಸಭೆಯಲ್ಲಿ ಎದ್ದು ನಿಂತು ಒಪ್ಪಿಕೊಳ್ಳುವವರು ಎಷ್ಟು ಜನ? ವಿಜ್ಞಾನ ನಿಂತಿರುವುದು ಇಂಥವರ ಹೆಗಲ ಮೇಲೆ ಎಂದರೆ ಹೊಗಳಿಕೆ ಹೆಚ್ಚಾಗಲಿಲ್ಲ.

ಆ ನಲವತ್ತರಲ್ಲಿ ಬಾಲ್ಡುರ್ ಅವರ ಎರಡು ಡಬ್ಬಿಗಳಿದ್ದವು. ಎರಡೂ ಹಾಳು. ಮಿಕ್ಕ ತುಣುಕುಗಳೆಲ್ಲ ಸಂಶೋಧಕರಿಗೆ ಹಂಚಿಹೋಗಿ, ತಳದ ಕಪಾಟಿನಲ್ಲಿ ಎತ್ತಿಟ್ಟ ಮೂರನೆಯದೊಂದು ಉಳಿದಿತ್ತು. ಅದೂ ಚೆನ್ನಾಗಿದೆಯೆಂದು ಯಾರೂ ಆಣೆ ಮಾಡಿ ಹೇಳುವಂತಿರಲಿಲ್ಲ, ಏಕೆಂದರೆ ಒಂದು ಬೇಸಿಗೆಯಲ್ಲಿ ನಾಲ್ಕನೇ ಫ್ರೀಜರ್‌ಗೆ ಐದು ಗಂಟೆ ಕರೆಂಟಿರಲಿಲ್ಲ. ಒರಿಸ್ಯಾ ಡ್ರೈ ಐಸ್ ಸುರಿದು ಸುರಿದು ಕಾಪಾಡಿದ್ದರು. ತಳದವರೆಗೂ ಆ ಚಳಿ ತಲುಪಿತ್ತೋ ಇಲ್ಲವೋ.

ಮತ್ತೆ ಆ ಜನವರಿಯ ಬೆಳಿಗ್ಗೆಗೆ ಬರೋಣ. ಈಗಿನ ನಿರ್ದೇಶಕಿ ಡಾ. ಸೊಲಾಂಜ್ ಫೋಂತೆನ್ ಕೈಯಲ್ಲಿ ಮೂರು ಪುಟದ ಪತ್ರ ಹಿಡಿದು ಬರುತ್ತಾರೆ. ಇಪ್ಪತ್ತಾರು ವರ್ಷದಲ್ಲಿ ಆ ಕಪಾಟಿನಿಂದ ಏನನ್ನೂ ಕೊಡದ ಹೆಂಗಸನ್ನು ಒಪ್ಪಿಸಬೇಕಲ್ಲ, ವಾರವಿಡೀ ಕೂತು ಕಾರಣಗಳನ್ನು ಬರೆದಿದ್ದಾರೆ. ಬಂದು ನೋಡಿದರೆ ಡಬ್ಬಿ ಆಗಲೇ ಡ್ರೈ ಐಸ್ ಮೇಲೆ ಕೂತಿದೆ.

"ಜಗಳಕ್ಕೆ ತಯಾರಾಗಿ ಬಂದಿದ್ನಲ್ಲ, ಒರಿಸ್ಯಾ!"

"ಜಗಳ ಮಧ್ಯಾಹ್ನ ಆಡೋಣ ಡಾಕ್ಟ್ರೇ. ಈಗ ಗ್ಲೌಸ್ ಹಾಕ್ಕೊಳ್ಳಿ."

"ಅರ್ಧ ತಗೊಂಡು ನೋಡ್ತೀವಿ. ಸಾಲ್ದೆ ಇದ್ರೆ ಕಷ್ಟ, ಆದ್ರೂ..."

"ಪೂರ್ತಿ ತಗೊಳ್ಳಿ."

"ಪೂರ್ತೀನಾ? ನೀವಾ ಹೇಳ್ತಿರೋದು?"

"ಬೀಜ ಇಡೋದೇ ಬಿತ್ತೋಕೆ. ಬಿತ್ತೋ ದಿನಾನೂ ಬಚ್ಚಿಟ್ಕೊಂಡ್ರೆ ಅದು ಜಿಪುಣತನ ಅನ್ಸ್ಕೊಳತ್ತೆ," ಎಂದು ಒರಿಸ್ಯಾ ಚಿಮುಟ ಎತ್ತಿಕೊಳ್ಳುತ್ತಾರೆ.

ತುಣುಕು ಕರಗುವ ಮೊದಲೇ ಕಿಣ್ವ ಕೊಲ್ಲುವ ದ್ರಾವಣಕ್ಕೆ ಬೀಳಬೇಕು. ಬೀಳುತ್ತದೆ. ಅರೆಯುವುದು, ತಿರುಗಿಸುವುದು, ತೊಳೆಯುವುದು, ಮತ್ತೆ ತಿರುಗಿಸುವುದು. ಎರಡು ಗಂಟೆಯ ನಂತರ ಕಣ್ಣಿಗೆ ಕಾಣಿಸದಷ್ಟು ಆರ್‌ಎನ್‌ಎ ಒಂದು ಹನಿ ನೀರಿನಲ್ಲಿ ಕೂತು ಯಂತ್ರದೊಳಗೆ ಹೋಗುತ್ತದೆ. ಯಂತ್ರ ಹತ್ತಕ್ಕೆ ಅಂಕ ಕೊಡುತ್ತದೆ. ಹಾಳಾದ ಎರಡು ಡಬ್ಬಿಗಳಿಗೆ ಸಿಕ್ಕಿದ್ದು ಎರಡು. ಆರಕ್ಕಿಂತ ಕಡಿಮೆ ಬಂದರೆ ಸಾಕ್ಷಿಯಾಗಿ ಒಪ್ಪುವುದು ಕಷ್ಟ ಎಂದು ಸೊಲಾಂಜ್ ಮೊದಲೇ ಹೇಳಿದ್ದಾರೆ.

ಒರಿಸ್ಯಾ ಪರದೆ ನೋಡುವುದಿಲ್ಲ. ಗೋಡೆಯ ಕಡೆ ತಿರುಗಿ, ಆಗಲೇ ಒರೆಸಿದ ಮೇಜನ್ನು ಮತ್ತೆ ಒರೆಸುತ್ತಿದ್ದಾರೆ. ಅಷ್ಟು ವರ್ಷದ ಕೆಲಸ ಒಂದು ಅಂಕಿಯಾಗಿ ಬರುವ ಹೊತ್ತಿನಲ್ಲಿ ಯಾರಿಗೆ ತಾನೇ ನೋಡುವ ಧೈರ್ಯ ಬರುತ್ತದೆ?

"ಒರಿಸ್ಯಾ," ಎನ್ನುತ್ತಾರೆ ಸೊಲಾಂಜ್. "ಎಂಟು ಪಾಯಿಂಟ್ ಒಂದು."

"ಹತ್ತಕ್ಕಾ?"

"ಹತ್ತಕ್ಕೇ ಕಣ್ರೀ!"

ಒರಿಸ್ಯಾ ಕೈಗವಸು ಕಳಚಿ ಬುಟ್ಟಿಗೆ ಹಾಕಿ, ಸ್ಟೂಲಿನ ಮೇಲೆ ಕೂತು ಅಳುತ್ತಾರೆ. ಹನ್ನೊಂದು ವರ್ಷ ಗಟ್ಟಿಯಾಗಿ ಹಿಡಿದುಕೊಂಡಿದ್ದ ಅಳು ಅದು, ಬೇಗ ನಿಲ್ಲುವುದಿಲ್ಲ. ಆಮೇಲೆ ಸಂತೋಷಕ್ಕೆ ಇಬ್ಬರೂ ತಣ್ಣಗಿನ ಹೊಲುಬ್ಸಿ ತಿನ್ನುತ್ತಾರೆ. ವಾಲ್ಟರ್ ಮಧ್ಯಾಹ್ನದ ಊಟಕ್ಕೆಂದು ಕಟ್ಟಿಕೊಟ್ಟ ಎಲೆಕೋಸಿನ ಸುರುಳಿಗಳು ಬೆಳಗಿನ ಹತ್ತಕ್ಕೇ ಮುಗಿದು ಹೋಗುತ್ತವೆ.

ಮೂರು ವಾರದ ನಂತರ ಆ ಚೀಟಿಯನ್ನು ಅಕ್ಷರ ಅಕ್ಷರವಾಗಿ ಓದಿದಾಗ ಮುಳ್ಳು ಸಿಕ್ಕಿತು. ಎಲ್ಲಿರಬಹುದೆಂದು ಊಹಿಸಿದ್ದರೋ ಸರಿಯಾಗಿ ಅಲ್ಲೇ, ಇರಬಾರದ ಒಂದು ತುಂಡು. ಅದರ ಮೇಲೆ ಅಂಟಿ ಕೂತು, ಕತ್ತರಿ ಅಲ್ಲಿ ಎಡವದಂತೆ ನೋಡಿಕೊಳ್ಳುವ ಒಂದು ಔಷಧಿ, ಜಗತ್ತಿನಲ್ಲಿ ವಾಲ್ಡಿನ್ ಒಬ್ಬರಿಗೆಂದೇ ತಯಾರಾಯಿತು. ಅದಕ್ಕೆ ಹದಿಮೂರು ತಿಂಗಳು ಹಿಡಿಯಿತು. ಈ ವರ್ಷದ ಮಾರ್ಚಿನಲ್ಲಿ ಬೆನ್ನುಹುರಿಯ ಪಕ್ಕದ ನೀರಿಗೆ ಮೊದಲ ಚುಚ್ಚುಮದ್ದು ಬಿತ್ತು. ಪ್ರಬಂಧವೂ ಬಂದಿದೆ. ಅದರಲ್ಲಿ ಐದನೇ ಹೆಸರು ಒರಿಸ್ಯಾ ಪಾನ್ಚುಕ್ ಅವರದು. ವಾಲ್ಟರ್ ಅದರ ಮೊದಲ ಪುಟವನ್ನು ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸಿ ಆಡುವ ಕರ್ಲಿಂಗ್ ಕ್ಲಬ್ಬಿನ ಹಲಗೆಯ ಮೇಲೆ, ಪಂದ್ಯಗಳ ಪಟ್ಟಿಯ ಪಕ್ಕ ಅಂಟಿಸಿ ಬಂದಿದ್ದಾರೆ. ಓದಿ ಅರ್ಥ ಮಾಡಿಕೊಂಡವರು ಯಾರೂ ಇಲ್ಲ, ನಿಂತು ನೋಡದೆ ಹೋದವರೂ ಇಲ್ಲ.

ಔಷಧಿ ಕೆಲಸ ಮಾಡುತ್ತಿದೆಯೇ? ಇನ್ನೂ ಹೇಳಲಾಗದು ಎನ್ನುತ್ತಾರೆ ಸೊಲಾಂಜ್. ಕಾಯಿಲೆ ಮುಂದೆ ಹೋಗದೆ ನಿಂತರೆ ಅದೇ ಗೆಲುವು. ವಾಲ್ಡಿನ್ ಮಾತ್ರ ತಮ್ಮದೇ ಲೆಕ್ಕ ಇಟ್ಟಿದ್ದಾರೆ: ಫೆಬ್ರವರಿಯಲ್ಲಿ ಹನ್ನೊಂದು ಸಲ ಬಿದ್ದಿದ್ದರು, ಮೇ ತಿಂಗಳಲ್ಲಿ ನಾಲ್ಕು ಸಲ.

ಮೊನ್ನೆ ಜೂನಿನ ಒಂದು ಬೆಳಿಗ್ಗೆ ಅವರು ಭಂಡಾರಕ್ಕೆ ಬಂದರು. ತಿಂಗಳ ಕೊನೆಗೆ ಒರಿಸ್ಯಾ ನಿವೃತ್ತರಾಗುತ್ತಾರೆ, ಅಷ್ಟರೊಳಗೆ ಬರಬೇಕಿತ್ತು. ಒಂದು ಕೈ ವಾಕರ್ ಮೇಲೆ, ಇನ್ನೊಂದರಲ್ಲಿ ಅಮ್ಮ ಗುಡ್ರುನ್ ಮಾಡಿಕೊಟ್ಟ ವಿನಾರ್ತೆರ್ತಾ, ಏಳು ಪದರದ ಒಣಹಣ್ಣಿನ ಕೇಕು. ಏಳಕ್ಕಿಂತ ಕಡಿಮೆ ಪದರ ಹಾಕಿದರೆ ಗಿಮ್ಲಿಯಲ್ಲಿ ಮರ್ಯಾದೆ ಇರುವುದಿಲ್ಲ.

ಕೇಕು ಕತ್ತರಿಸುವ ಮೊದಲೇ ವಾಲ್ಡಿನ್ ಜೇಬಿನಿಂದ ಮಡಿಸಿದ ಕಾಗದ ತೆಗೆದು ಮೇಜಿನ ಮೇಲಿಟ್ಟರು. ದಾನಪತ್ರ. ಕೆಳಗೆ ಅವರ ಸಹಿ, ಅಕ್ಷರ ಸ್ವಲ್ಪ ನಡುಗಿದೆ. ಒರಿಸ್ಯಾ ಕನ್ನಡಕ ಹಾಕಿಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದರು.

"ನಂದನ್ನೂ ನೀವೇ ಕತ್ತರಿಸ್ಬೇಕು ಅಂತ ಆಸೆ ಇತ್ತು," ಎಂದರು ವಾಲ್ಡಿನ್. "ನೀವು ನೋಡಿದ್ರೆ ಬಿಟ್ಟು ಹೊರಟಿದ್ದೀರಾ. ನಮ್ಮಣ್ಣನ್ನ ನೋಡ್ಕೊಂಡ ಹಾಗೆ ಇನ್ಯಾರು ನೋಡ್ಕೋತಾರೆ?"

"ಬರೋರಿಗೆ ಎಲ್ಲಾ ಕಲ್ಸೇ ಹೋಗ್ತೀನಿ ಮಗಾ."

"ಯಾರು ಬರೋದು? ಪರಿಚಯ ಮಾಡ್ಸಿ, ಈಗ್ಲೇ ಹೇಳಿಟ್ಟು ಹೋಗ್ತೀನಿ."

ಒರಿಸ್ಯಾ ಕಾಗದವನ್ನು ಫೈಲಿಗೆ ಸೇರಿಸಿ, ಕನ್ನಡಕ ತೆಗೆದು, ಬರಿಗೈಯಲ್ಲೇ ವಾಲ್ಡಿನ್ ಕೈ ಹಿಡಿದುಕೊಂಡರು.

"ಹುಚ್ಚಿ! ನಿನ್ನ ಡಬ್ಬಿ ಮೇಲೆ ನಂಬರ್ ಬರೆಯೋಳು ಇನ್ನೂ ಹುಟ್ಟೇ ಇರ್ಬಾರ್ದು."